ಘಣಸೋಲಿಯ ತುಂಗೆ

ಪೂರ್ವಕ್ಕೆ ಪಾರಸಿಕ್ ಬೆಟ್ಟಗಳ ಸಾಲು, ಪಶ್ಚಿಮಕ್ಕೆ ಥಾಣೆಯ ಖಾಡಿ, ಇವೆರಡರ ನಡುವೆ ಹರಡಿರುವ ತಗ್ಗುನೆಲದಲ್ಲಿ, ಐವತ್ತು ಅರುವತ್ತು ವರ್ಷಗಳ ಹಿಂದಿನವರೆಗೂ ಆಗ್ರಿ ಮತ್ತು ಕೋಳಿ ಜನರು ಬತ್ತ ಬೆಳೆದು, ಮೀನು ಹಿಡಿದು, ಉಪ್ಪು ತೆಗೆದು ಬಾಳುತ್ತಿದ್ದ ಗ್ರಾಮಗಳ ಪೈಕಿ ಘಣಸೋಲಿಯೂ ಒಂದು. 1970ರಲ್ಲಿ ಸಿಡ್ಕೋ ಸಂಸ್ಥೆಯು ಸ್ಥಾಪಿತವಾಗಿ ನವಿ ಮುಂಬಯಿಯ ನಿರ್ಮಾಣವನ್ನು ಕೈಗೊಂಡ ತರುವಾಯ ಈ ಗ್ರಾಮಗಳ ಗದ್ದೆಗಳು ಸೆಕ್ಟರುಗಳಾಗಿ, ಸೆಕ್ಟರುಗಳು ಸೊಸೈಟಿಗಳಾಗಿ ಮಾರ್ಪಟ್ಟವು. ಹೋಟೆಲು, ಬ್ಯಾಂಕು, ಕಾರ್ಖಾನೆಗಳ ಕೆಲಸವನ್ನರಸಿ ಕರಾವಳಿಯಿಂದಲೂ ಬಯಲುಸೀಮೆಯಿಂದಲೂ ಬಂದ ಕನ್ನಡಿಗರು ಅಲ್ಲಿ ಬಿಡಾರ ಹೂಡಿ, ಕ್ರಮೇಣ ಅಲ್ಲಿಯವರೇ ಆದರು. ಇಷ್ಟೆಲ್ಲ ಪರಿವರ್ತನೆ ನಡೆದಿದ್ದರೂ, ಜೂನ್ ತಿಂಗಳಲ್ಲಿ ಮುಂಗಾರು ಹಿಡಿದ ಒಂದೆರಡು ವಾರಗಳೊಳಗೆ, ಕಟ್ಟಡವೇಳದೆ ಉಳಿದ ನಿವೇಶನಗಳಲ್ಲಿ, ರೈಲುಹಳಿಯ ಬದಿಯಲ್ಲಿ, ಕಾಲುದಾರಿಗೆ ಹಾಸಿದ ಕಲ್ಲುಗಳ ಸಂದುಗಳಲ್ಲಿ, ಉದ್ಯಾನದ ಹುಲ್ಲುಹಾಸಿನ ನಟ್ಟನಡುವೆ ಕಡುಹಸುರಿನ, ಮೊನಚಾದ ಎಲೆಗಳ ಒಂದು ಗಿಡ ತಲೆಯೆತ್ತುವುದನ್ನು ಯಾರೂ ತಡೆಯಲಾರರು. ಮರಾಠಿಯವರು ಇದನ್ನು ಲವ್ಹಾಳಾ ಎಂದೂ, ಅಂಗಡಿಗೆ ಬಂದ ಅದರ ಗೆಡ್ಡೆಯನ್ನು ನಾಗರಮೋಥಾ ಎಂದೂ ಕರೆಯುವರು. ನಮ್ಮಲ್ಲಿ ತುಂಗೆ, ಜೇಕು, ಕೊನ್ನಾರಿ, ಭದ್ರಮುಷ್ಟಿ ಮೊದಲಾದ ಹೆಸರುಗಳುಂಟು. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಇದು ಮುಸ್ತಾ. ಲಿನಿಯಸನು 1753ರಲ್ಲಿ ಇದಕ್ಕಿತ್ತ ಶಾಸ್ತ್ರೀಯ ನಾಮ ಸೈಪೆರಸ್ ರೋಟಂಡಸ್.

ನೋಡಿದೊಡನೆ ಇದನ್ನು ಹುಲ್ಲೆಂದು ಭಾವಿಸುವುದು ಸಹಜವೇ ಆದರೂ ತುಂಗೆಯು ಹುಲ್ಲಲ್ಲ. ಬತ್ತ, ರಾಗಿ, ಕಬ್ಬು, ಗರಿಕೆಗಳು ಸೇರಿರುವ ಹುಲ್ಲಿನ ಕುಲ ಬೇರೆ, ಜೇಕುಗಳ ಕುಲ ಬೇರೆ. ಸೈಪೆರೇಸೀ ಎಂಬ ಈ ಎರಡನೆಯ ಕುಲದಲ್ಲಿ ಜಗತ್ತಿನಾದ್ಯಂತ ಐದು ಸಾವಿರಕ್ಕೂ ಮಿಕ್ಕು ಪ್ರಭೇದಗಳಿದ್ದು, ಅವುಗಳಲ್ಲಿ ಬಹುಪಾಲು ನೀರಿನ ಅಂಚನ್ನೂ ಜವುಗನ್ನೂ ಆಶ್ರಯಿಸಿ ಬದುಕುವಂಥವು. ಇವೆರಡನ್ನು ಬೇರ್ಪಡಿಸಿ ತಿಳಿಯುವುದಕ್ಕೆ ಸೂಕ್ಷ್ಮದರ್ಶಕವೇನೂ ಬೇಕಿಲ್ಲ, ಹೆಬ್ಬೆರಳು ತೋರುಬೆರಳುಗಳು ಸಾಕು. ಹೂಗೊಂಚಲನ್ನು ಹೊತ್ತ ದಂಟನ್ನು ಬೆರಳುಗಳ ನಡುವೆ ಹಿಡಿದು ಹೊರಳಿಸಿದರೆ ಹುಲ್ಲಿನದು ಸರಾಗವಾಗಿ ಉರುಳುತ್ತದೆ, ಏಕೆಂದರೆ ಅದು ದುಂಡು. ತುಂಗೆಯದು ತಡೆತಡೆದು ಹೊರಳುತ್ತದೆ, ಏಕೆಂದರೆ ಅದಕ್ಕೆ ಮೂರು ಮೂಲೆಗಳು. ಹುಲ್ಲಿನ ದಂಟಿನಲ್ಲಿ ಗಿಣ್ಣುಗಳಿದ್ದು ಅವುಗಳ ನಡುವೆ ಸಾಮಾನ್ಯವಾಗಿ ಟೊಳ್ಳಿರುವುದು. ತುಂಗೆಯ ದಂಟಿನಲ್ಲಿ ಗಿಣ್ಣೆಂಬುದೇ ಕಾಣದು, ಒಳಗೆ ತಿರುಳು ತುಂಬಿರುವುದು. ಹುಲ್ಲಿನ ಎಲೆಗಳು ಎರಡು ಸಾಲಿನಲ್ಲಿ ಎದುರುಬದುರಾಗಿ ಹೊರಟರೆ, ಇದರವು ಮೂರು ಸಾಲಿನಲ್ಲಿ ಸುತ್ತಿ ಹೊರಡುತ್ತವೆ. ಮತ್ತು ಎಲೆಯ ಬುಡದ ಒರೆ ಹುಲ್ಲಿನಲ್ಲಿ ಸೀಳಿಕೊಂಡಿರುತ್ತದೆ, ಇದರಲ್ಲಿ ಮುಚ್ಚಿದ ಕೊಳವೆಯಾಗಿರುತ್ತದೆ. ಗೇಣಿನಿಂದ ಮೊಳದುದ್ದ ಬೆಳೆಯುವ ಈ ದಂಟಿನ ತುದಿಯಲ್ಲಿ, ಎರಡು ಮೂರು ಎಲೆಯಂಥ ಪುಷ್ಪಪತ್ರಗಳ ನಡುವಿನಿಂದ, ಉದ್ದಗಿಡ್ಡಗಳಾದ ಕೆಲವು ಕಡ್ಡಿಗಳು ಕವಲೊಡೆದು, ಅವುಗಳ ಕೊನೆಯಲ್ಲಿ ಕೆಂಗಂದು ಬಣ್ಣದ ಚಪ್ಪಟೆ ತೆನೆಗಳು ಅರಳುತ್ತವೆ. ಈ ಕೆಂಗಂದು ವರ್ಣವು ತುಂಗೆಯನ್ನು ಅದರ ಅನೇಕ ಬಂಧುಗಳಿಂದ ಪ್ರತ್ಯೇಕಿಸುವ ಒಂದು ಗುರುತು. ಎಸಳಾಗಲಿ, ಮಕರಂದವಾಗಲಿ, ಜೇನನ್ನು ಕರೆಯುವ ಆಡಂಬರವಾಗಲಿ ಇಲ್ಲಿಲ್ಲ. ಪರಾಗದ ಹೊಣೆಯನ್ನು ಗಾಳಿಗೆ ಒಪ್ಪಿಸಿರುವ ಹೂವು ಇದು.

ಆದರೆ ಈ ಹೂವಿನ ಮೇಲೆ ತುಂಗೆಯು ತನ್ನ ಸಂತಾನದ ಭಾರವನ್ನು ಅಷ್ಟಾಗಿ ಹೊರಿಸಿಲ್ಲ. ಬೀಜ ಕಟ್ಟುವುದು ಕಡಿಮೆ, ಕಟ್ಟಿದ ಬೀಜ ಮೊಳೆಯುವುದು ಮತ್ತೂ ಕಡಿಮೆ. ಅದರ ನಿಜವಾದ ಜೀವನವೆಲ್ಲ ನಡೆಯುವುದು ನೆಲದ ಕೆಳಗೆ, ಮೇಲ್ಮಣ್ಣಿನ ಒಂದು ಗೇಣಿನೊಳಗೆ. ಮೊಳಕೆಯೊಡೆದ ಗೆಡ್ಡೆಯು ಮೊದಲು ಮೇಲಕ್ಕೆ ಒಂದು ಕುಡಿಯನ್ನು ಕಳುಹಿಸಿ, ನೆಲಮಟ್ಟದ ಹತ್ತಿರ ಅದನ್ನು ಉಬ್ಬಿಸಿ, ಅಲ್ಲಿಂದ ಎಲೆಗಳನ್ನೂ ಬೇರುಗಳನ್ನೂ ಹೊರಡಿಸುತ್ತದೆ. ಎಲೆಗಳು ಬಿಸಿಲುಂಡು ಆಹಾರವನ್ನು ಕೂಡಿಸತೊಡಗಿದ ಕೆಲವೇ ವಾರಗಳಲ್ಲಿ ಆ ಉಬ್ಬಿನಿಂದ ಸುತ್ತಲೂ ಬಿಳಿಯ ಕಾಂಡಗಳು ಮಣ್ಣಿನೊಳಗೆ ಅಡ್ಡಡ್ಡವಾಗಿ ಚಾಚಿಕೊಳ್ಳುತ್ತವೆ. ಅವುಗಳಲ್ಲಿ ಕೆಲವು ಮೇಲೆದ್ದು ಹೊಸ ಗಿಡಗಳಾಗುತ್ತವೆ, ಕೆಲವು ತುದಿಯಲ್ಲಿ ದಪ್ಪಗಾಗಿ ಗೆಡ್ಡೆಗಳಾಗುತ್ತವೆ, ಆ ಗೆಡ್ಡೆಯಿಂದ ಮತ್ತೆ ಕಾಂಡ ಹೊರಟು ಇನ್ನೊಂದು ಗೆಡ್ಡೆ, ಅದರಿಂದ ಮತ್ತೊಂದು, ಹೀಗೆ ದಾರದಲ್ಲಿ ಪೋಣಿಸಿದ ರುದ್ರಾಕ್ಷಿಯಂತೆ ಒಂದು ಸರಣಿಯೇ ಕತ್ತಲಲ್ಲಿ ಹಬ್ಬುತ್ತದೆ. ಎಳೆಯ ಗೆಡ್ಡೆ ಬಿಳಿಯದು, ರಸಭರಿತವಾದುದು. ಬಲಿತದ್ದು ಕರಿಗಂದು ಸಿಪ್ಪೆಯ, ಒರಟು ನಾರುಗಳ, ಅಡಕೆಗಿಂತ ಸಣ್ಣದಾದ ಗಟ್ಟಿ ಉಂಡೆ. ಗೆಡ್ಡೆಗಳನ್ನು ಜೋಡಿಸಿದ್ದ ಕಾಂಡವು ಕಾಲಾಂತರದಲ್ಲಿ ಕಪ್ಪಗೆ ತಂತಿಯಷ್ಟು ಬಿಗಿಯಾಗುವುದು.

ಈ ಸರಣಿಯಲ್ಲಿ ಒಂದು ಶಿಸ್ತುಂಟು, ಅದನ್ನರಿತರೆ ತುಂಗೆಯ ಮೇಲೆ ಮನುಷ್ಯನು ಹೂಡಿದ ಯುದ್ಧಗಳೆಲ್ಲ ಏಕೆ ವಿಫಲವಾದುವೆಂಬುದು ತಾನಾಗಿ ವೇದ್ಯವಾಗುತ್ತದೆ. ಪ್ರತಿ ಗೆಡ್ಡೆಯಲ್ಲಿಯೂ ಹಲವು ಕಣ್ಣುಗಳಿರುತ್ತವೆ; ಆದರೆ ತುದಿಯ ಕಣ್ಣು ಎಚ್ಚರವಾಗಿರುವವರೆಗೆ ಉಳಿದವು ನಿದ್ರಿಸುತ್ತವೆ. ಹಾಗೆಯೇ ಸರಣಿಯ ತುದಿಯ ಗೆಡ್ಡೆ ಚಿಗುರಿರುವವರೆಗೆ ಹಿಂದಿನ ಗೆಡ್ಡೆಗಳು ಬಹುಮಟ್ಟಿಗೆ ಸುಮ್ಮನಿರುತ್ತವೆ. ಗುದ್ದಲಿಯಿಂದಲೋ ನೇಗಿಲಿನಿಂದಲೋ ಈ ಸಂಬಂಧವನ್ನು ಕಡಿದುಹಾಕಿದೊಡನೆ, ಇಷ್ಟು ದಿನ ಅಂಕೆಯಲ್ಲಿದ್ದ ಪ್ರತಿಯೊಂದು ಗೆಡ್ಡೆಯೂ ಸ್ವತಂತ್ರವಾಗಿ ತನ್ನ ತನ್ನ ಚಿಗುರನ್ನು ಮೇಲಕ್ಕಟ್ಟುತ್ತದೆ. ಕೈಯಿಂದ ಕಿತ್ತರೆ ಎಲೆ ಕೈಗೆ ಬರುವುದು, ಗೆಡ್ಡೆ ಒಳಗುಳಿಯುವುದು. ಉಳಿದ ಗೆಡ್ಡೆ ಮಲಗಿದ್ದ ಎರಡನೆಯ ಕಣ್ಣನ್ನು ತೆರೆಯುವುದು, ಅದನ್ನೂ ಕಿತ್ತರೆ ಮೂರನೆಯದನ್ನು. ಅದರ ಚಿಗುರಾದರೂ ಎಂಥದು! ಸೂಜಿಮೊನೆಯ ಆ ಕುಡಿಯು ಆಲೂಗೆಡ್ಡೆಯನ್ನು ತೂರಿಕೊಂಡು ಹೊರಬರುವುದುಂಟು. ಕಳೆ ಬಾರದಿರಲೆಂದು ಹಾಸಿದ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಚುಚ್ಚಿಕೊಂಡು ಮೇಲೇಳುವುದುಂಟು. 1977ರಲ್ಲಿ ಲೆರಾಯ್ ಹೋಮ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಜಗತ್ತಿನ ದುಷ್ಟ ಕಳೆಗಳನ್ನು ಕುರಿತು ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ಪ್ರಥಮ ಸ್ಥಾನವು ದೊರೆತುದು ನಮ್ಮ ತುಂಗೆಗೇ. ತೊಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ, ಐವತ್ತಕ್ಕೂ ಹೆಚ್ಚು ಬೆಳೆಗಳಲ್ಲಿ ಇದು ರೈತನ ವೈರಿಯೆಂದು ಅವರು ಲೆಕ್ಕ ಹಾಕಿದರು.

ಘಣಸೋಲಿಯಂತಹ ನೆಲ ಇದಕ್ಕೆ ಏಕೆ ಇಷ್ಟೊಂದು ಒಗ್ಗಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ತುಂಗೆಗೆ ತೇವ ಬೇಕು, ಆದರೆ ಸದಾ ನಿಂತ ನೀರು ಸೇರದು. ಬಿಸಿಲು ಯಥೇಚ್ಛವಾಗಿ ಬೇಕು, ನೆರಳನ್ನು ಅದು ಸಹಿಸದು. ಮೇಲಾಗಿ, ಉಪ್ಪುನೀರು ದಿನವೂ ಏರಿಳಿಯುವ ಕಾಂಡ್ಲಾ ಜವುಗಿನಲ್ಲಿ ಅದು ನೆಲೆ ನಿಲ್ಲದು. ಹಿಂದಿನ ಕಾಲದಲ್ಲಿ ಖಾಡಿಗೆ ಅಡ್ಡಲಾಗಿ ಬದು ಕಟ್ಟಿ, ಭರತದ ನೀರನ್ನು ಹೊರಗಿಟ್ಟು, ಮಳೆಗಾಲವಿಡೀ ಗದ್ದೆಯಲ್ಲಿ ಸಿಹಿನೀರನ್ನು ನಿಲ್ಲಿಸಿ ಬತ್ತ ಬೆಳೆಯುತ್ತಿದ್ದಾಗ, ಆ ನಿಂತ ನೀರೇ ತುಂಗೆಯನ್ನು ಗದ್ದೆಯ ಅಂಚಿಗೆ ಅಟ್ಟಿರಬೇಕು. ಸಾಗುವಳಿ ನಿಂತು, ಗದ್ದೆಗಳ ಮೇಲೆ ಮುರುಮ್ ಮಣ್ಣು ಬಿದ್ದು, ನೆಲವು ಎತ್ತರವೂ ಬಯಲೂ ಆದ ಮೇಲೆ ಅದಕ್ಕೆ ಬೇಕಾದುದೆಲ್ಲ ಒಮ್ಮೆಗೇ ಕೂಡಿಬಂದಿತು. ಇನ್ನು ಉದ್ಯಾನಗಳ ಮಾತು. ಹುಲ್ಲುಹಾಸಿಗೆಂದು ಲಾರಿಗಳಲ್ಲಿ ತರಿಸುವ ಕೆಂಪುಮಣ್ಣಿನಲ್ಲಿ, ನರ್ಸರಿಯಿಂದ ತರುವ ಕುಂಡಗಳಲ್ಲಿ ಗೆಡ್ಡೆಗಳು ಸದ್ದಿಲ್ಲದೆ ಪ್ರಯಾಣ ಮಾಡುತ್ತವೆ. ಹಣ ಕೊಟ್ಟು ಕಳೆಯನ್ನು ಕೊಳ್ಳುವ ಈ ವ್ಯಾಪಾರ ಎಲ್ಲ ನಗರಗಳಲ್ಲಿಯೂ ನಡೆಯುತ್ತಿರುವುದೇ. ಉಷ್ಣವಲಯದ ಪ್ರಖರ ಬಿಸಿಲಿನಲ್ಲಿ ಇತರ ಗಿಡಗಳು ಬಾಡುತ್ತಿರುವಾಗಲೂ ಇದು ಚುರುಕಾಗಿ ಬೆಳೆಯುವುದಕ್ಕೆ ಇನ್ನೊಂದು ಕಾರಣವುಂಟು. ಕಬ್ಬು, ಮುಸುಕಿನ ಜೋಳಗಳಲ್ಲಿರುವಂತೆ, ಗಾಳಿಯಲ್ಲಿನ ಇಂಗಾಲಾಮ್ಲವನ್ನು ಮೊದಲು ನಾಲ್ಕು ಇಂಗಾಲದ ಸಂಯುಕ್ತವಾಗಿ ಹಿಡಿದಿಟ್ಟು ಅನಂತರ ಸಕ್ಕರೆಯಾಗಿಸುವ ದಕ್ಷವಾದ ದ್ಯುತಿಸಂಶ್ಲೇಷಣಕ್ರಮ ಇದರಲ್ಲಿಯೂ ಇದೆ.

ಮರಾಠಿಯ ಸಂತ ತುಕಾರಾಮರು ತಮ್ಮ ಒಂದು ಅಭಂಗದಲ್ಲಿ ಲವ್ಹಾಳೆಯನ್ನು ವಿನಯಕ್ಕೆ ದೃಷ್ಟಾಂತವಾಗಿ ತೆಗೆದುಕೊಂಡಿರುವುದು ಮಹಾರಾಷ್ಟ್ರದಲ್ಲಿ ಮಕ್ಕಳಿಗೂ ತಿಳಿದ ಸಂಗತಿ. ಮಹಾಪೂರದಲ್ಲಿ ಮರಗಳು ಕೊಚ್ಚಿಹೋದರೂ ಬಾಗಿದ ಈ ಸಣ್ಣ ಗಿಡ ಉಳಿಯುವುದೆಂಬುದು ಅಲ್ಲಿಯ ಭಾವ. ಸಂತರ ದೃಷ್ಟಿಗೆ ವಿನಯವಾಗಿ ಕಂಡುದು ಕಬ್ಬಿನ ತೋಟದ ರೈತನ ದೃಷ್ಟಿಗೆ ಶುದ್ಧ ಹಠವಾಗಿ ಕಾಣುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗಾದರೆ ಇದನ್ನು ನಿಗ್ರಹಿಸುವ ಉಪಾಯವೇ ಇಲ್ಲವೆ? ಉಂಟು, ಆದರೆ ಅದಕ್ಕೆ ಬಲಕ್ಕಿಂತ ಕಾಲಜ್ಞಾನ ಹೆಚ್ಚು ಬೇಕು. ಮಳೆಗಾಲದಲ್ಲಿ ನೆಲವನ್ನು ಅಗೆದರೆ ಒಂದು ಗಿಡ ಹತ್ತಾಗುವುದು. ಅದೇ ಅಗೆತವನ್ನು ಏಪ್ರಿಲ್ ಮೇ ತಿಂಗಳುಗಳಲ್ಲಿ ಆಳವಾಗಿ ಮಾಡಿ, ಹೆಂಟೆಗಳನ್ನು ಮಗುಚಿ, ಗೆಡ್ಡೆಗಳು ಕೆಲವು ವಾರ ಬಿರುಬಿಸಿಲಿಗೆ ಬೀಳುವಂತೆ ಬಿಟ್ಟರೆ ಅವು ಒಣಗಿ ಸಾಯುತ್ತವೆ, ಏಕೆಂದರೆ ತೇವ ನಷ್ಟವಾಗುವುದನ್ನು ಗೆಡ್ಡೆ ತಾಳಲಾರದು. ಎರಡನೆಯದು ನೆರಳು. ಗೆಣಸು, ಅಲಸಂದೆ, ಹುರುಳಿಯಂತಹ ಬಳ್ಳಿ ಬೆಳೆಗಳನ್ನು ಒತ್ತಾಗಿ ಬೆಳೆದು ನೆಲವನ್ನು ಮುಚ್ಚಿಬಿಟ್ಟರೆ ತುಂಗೆಯು ಎಲೆಗೆ ಬೆಳಕು ಸಿಗದೆ, ಗೆಡ್ಡೆಗೆ ಆಹಾರ ಕೂಡಿಸಲಾರದೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಮೂರನೆಯದು ನಿರಂತರವಾದ ಬೆನ್ನಟ್ಟುವಿಕೆ: ಚಿಗುರು ಬಂದ ಎರಡು ಮೂರು ವಾರಗಳೊಳಗೆ, ಅಂದರೆ ಹೊಸ ಗೆಡ್ಡೆ ಕಟ್ಟುವ ಮುನ್ನವೇ, ಪ್ರತಿಸಲವೂ ಕಿತ್ತುಹಾಕುತ್ತ ಹೋದರೆ ಹಳೆಯ ಗೆಡ್ಡೆಯ ದಾಸ್ತಾನು ಬರಿದಾಗುವುದು, ಒಂದು ಸಲ ತಪ್ಪಿದರೂ ಲೆಕ್ಕ ಮೊದಲಿಗೆ ಬರುವುದು. ರಾಸಾಯನಿಕಗಳೂ ಇಲ್ಲವೆಂದಲ್ಲ. ಗ್ಲೈಫೊಸೇಟ್ ಎಲೆಯಿಂದ ಗೆಡ್ಡೆಗೆ ಇಳಿಯಬಲ್ಲುದು, ಕಬ್ಬಿನಲ್ಲಿ ಹ್ಯಾಲೋಸಲ್ಫ್ಯುರಾನ್ ಮಿಥೈಲ್ ಎಂಬುದು ಬಳಕೆಯಲ್ಲಿದೆ; ಆದರೆ ಎಲೆಯಿಲ್ಲದೆ ಮಲಗಿರುವ ಗೆಡ್ಡೆಯನ್ನು ಎಲೆಗೆ ಸಿಂಪಡಿಸಿದ ಔಷಧ ಮುಟ್ಟುವುದೆಂತು? ಮಕ್ಕಳು ಆಡುವ, ವೃದ್ಧರು ಬರಿಗಾಲಲ್ಲಿ ನಡೆಯುವ ಸೊಸೈಟಿಯ ಅಂಗಳದಲ್ಲಿ ಒಂದು ಗಿಡದ ಮೇಲಣ ಸಿಟ್ಟಿಗೆ ಇಂತಹ ವಿಷಗಳನ್ನು ಸುರಿಯುವುದು ವಿವೇಕವಲ್ಲವೆಂದೇ ನನ್ನ ಅಭಿಪ್ರಾಯ.

ಇಷ್ಟು ಹಠವನ್ನು ಕೊಟ್ಟಿರುವ ಆ ಗೆಡ್ಡೆಯನ್ನೇ ತೊಳೆದು, ಉಗುರಿನಿಂದ ಕೆರೆದು ಮೂಸಿ ನೋಡಿದರೆ ಕಥೆಯ ಇನ್ನೊಂದು ಮುಖ ಗೋಚರಿಸುತ್ತದೆ. ಒಣಮಣ್ಣಿನ, ಕರ್ಪೂರದ, ಮೆಣಸಿನ ಛಾಯೆಗಳು ಬೆರೆತ ಗಂಭೀರವಾದ ಪರಿಮಳವದು. ಮಣ್ಣಿನೊಳಗಿನ ಕೀಟಗಳ ಮತ್ತು ಶಿಲೀಂಧ್ರಗಳ ಕಾಟವನ್ನು ಎದುರಿಸಬಲ್ಲ ಇಂಥ ತೈಲಗಳು ಎಷ್ಟೋ ಗೆಡ್ಡೆ ಬೇರುಗಳಲ್ಲುಂಟು. ತುಂಗೆಯದರಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆಯಿರುವ ಈ ತೈಲವನ್ನು ಮನುಷ್ಯನು ತನ್ನ ಸುಖಕ್ಕಾಗಿ ಬಹು ಪ್ರಾಚೀನ ಕಾಲದಿಂದಲೂ ಬಳಸಿಕೊಂಡು ಬಂದಿದ್ದಾನೆ. ಗ್ರೀಸಿನ ಪೈಲಾಸ್ ನಗರದ ಅರಮನೆಯ ಅವಶೇಷಗಳಲ್ಲಿ ದೊರೆತ, ಕ್ರಿಸ್ತಪೂರ್ವ ಹದಿಮೂರನೆಯ ಶತಮಾನದ ಸುಮಾರಿನ ಮಣ್ಣಿನ ಹಲಗೆಗಳಲ್ಲಿ, ಸುಗಂಧತೈಲ ಕಾಯಿಸುವವರಿಗೆ ಒದಗಿಸಿದ ಸಾಮಗ್ರಿಗಳ ಪಟ್ಟಿಯಲ್ಲಿ ಸೈಪೆರಸ್ಸಿನ ಹೆಸರಿದೆ. ಈಜಿಪ್ಟಿನ ದೇವಾಲಯಗಳಲ್ಲಿ ಉರಿಸುತ್ತಿದ್ದ ಕೈಫಿ ಎಂಬ ಧೂಪದಲ್ಲಿಯೂ ಅದು ಸೇರುತ್ತಿತ್ತು. ದೂರದ ದೃಷ್ಟಾಂತಗಳೇಕೆ? ಮಹಾರಾಷ್ಟ್ರದ ಮನೆಗಳಲ್ಲಿ ದೀಪಾವಳಿಯ ನರಕಚತುರ್ದಶಿಯಂದು ಸೂರ್ಯೋದಯಕ್ಕೆ ಮೊದಲು ಎಣ್ಣೆ ಹಚ್ಚಿ ಮೈಗೆ ಉಜ್ಜಿಕೊಳ್ಳುವ ಉಟಣೆಯೆಂಬ ಚೂರ್ಣದಲ್ಲಿ ಲಾವಂಚ, ಚಂದನ, ಅಂಬೆಹಳದಿಗಳ ಜೊತೆಗೆ ನಾಗರಮೋಥಾ ಇದ್ದೇ ತೀರಬೇಕು. ಘಣಸೋಲಿಯ ಕನ್ನಡದ ಮನೆಗಳಲ್ಲಿ ಹಂಡೆಯೂ ಸೀಗೆಪುಡಿಯೂ ಹಿಂದೆ ಸರಿದು, ಅಕ್ಟೋಬರ್ ಬಂತೆಂದರೆ ನೆರೆಯವರಂತೆ ಉಟಣೆಯ ಪೊಟ್ಟಣವನ್ನು ತರುವ ರೂಢಿ ಬೆಳೆಯುತ್ತಿರುವುದು ಸಂತೋಷದ ವಿಷಯವೇ ಸರಿ. ಆ ಪೊಟ್ಟಣದ ಒಂದು ಮುಖ್ಯ ವಸ್ತುವು ಮನೆಯೆದುರಿನ ಖಾಲಿ ನಿವೇಶನದಲ್ಲಿಯೇ ಬೆಳೆದಿರುವುದು ಮಾತ್ರ ಕೆಲವರಿಗೆ ತಿಳಿಯದು. ಊದುಬತ್ತಿಯ ಮಸಾಲೆಗಳಲ್ಲಿಯೂ ಈ ಪುಡಿ ಸೇರುವುದುಂಟು.

ಈ ಪರಿಮಳದ ಪ್ರಸಂಗದಲ್ಲಿ ರಸಾಯನಶಾಸ್ತ್ರದ ಒಂದು ವಿಚಿತ್ರ ಘಟನೆಯನ್ನು ಹೇಳದೆ ಮುಂದೆ ಹೋಗಲಾಗದು. ತುಂಗೆಗೆಡ್ಡೆಯಲ್ಲಿ ಕಂಡುಬಂದ ಒಂದು ಸಂಯುಕ್ತಕ್ಕೆ 1960ರ ದಶಕದಲ್ಲಿಯೇ ಗಿಡದ ಹೆಸರಿನಿಂದ ರೋಟಂಡೋನ್ ಎಂದು ನಾಮಕರಣವಾಗಿತ್ತಾದರೂ ಅದನ್ನು ಯಾರೂ ಅಷ್ಟಾಗಿ ಗಮನಿಸಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಶಿರಾಜ್ ದ್ರಾಕ್ಷಿಯ ಮದ್ಯಕ್ಕೆ ಮೆಣಸಿನ ವಾಸನೆ ಎಲ್ಲಿಂದ ಬರುವುದೆಂದು ವರ್ಷಗಟ್ಟಲೆ ಹುಡುಕಿದ ವಿಜ್ಞಾನಿಗಳು, 2008ರಲ್ಲಿ ಅದರ ಕಾರಣವನ್ನು ಕಂಡುಹಿಡಿದಾಗ, ಅದು ಇದೇ ರೋಟಂಡೋನ್ ಆಗಿದ್ದಿತು. ನಮ್ಮ ಮಲೆನಾಡಿನ ಕರಿಮೆಣಸಿನ ವಿಶಿಷ್ಟ ಪರಿಮಳಕ್ಕೂ ಅದೇ ಕಾರಣವೆಂದು ಸಿದ್ಧವಾಯಿತು. ಐವರಲ್ಲಿ ಒಬ್ಬರ ಮೂಗಿಗೆ ಈ ವಸ್ತುವಿನ ವಾಸನೆ ತಿಳಿಯುವುದೇ ಇಲ್ಲವಂತೆ. ತುಂಗೆಗೆಡ್ಡೆಯನ್ನು ಮೂಸಿ, ಇದರಲ್ಲೇನಿದೆ ವಿಶೇಷವೆಂದು ಕೇಳುವವರ ಮೇಲೆ ಆದುದರಿಂದ ಕೋಪಿಸಿಕೊಳ್ಳಬೇಕಾಗಿಲ್ಲ.

ವೈದ್ಯರಾದರೋ ಇದನ್ನು ಕಳೆಯೆಂದು ಎಣಿಸಿದವರೇ ಅಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಆಯಾ ಕಾರ್ಯಕ್ಕೆ ಶ್ರೇಷ್ಠವೆನಿಸಿದ ದ್ರವ್ಯಗಳನ್ನು ಎಣಿಸುವ ಸಂದರ್ಭದಲ್ಲಿ, ಮಲವನ್ನು ಕಟ್ಟುವ, ಜಠರಾಗ್ನಿಯನ್ನು ಉದ್ದೀಪಿಸುವ, ಅಜೀರ್ಣವನ್ನು ಪಚನಗೊಳಿಸುವ ದ್ರವ್ಯಗಳಲ್ಲಿ ಮುಸ್ತೆಗೇ ಅಗ್ರಸ್ಥಾನ. ವಾಗ್ಭಟನು ಜ್ವರಕ್ಕೆ ಹೇಳಿದ ಶ್ರೇಷ್ಠ ಯೋಗ ಮುಸ್ತೆ ಮತ್ತು ಪರ್ಪಾಟಕಗಳದು. ಜ್ವರಪೀಡಿತನ ಬಾಯಾರಿಕೆಗೆ ಕೊಡುವ ಷಡಂಗಪಾನೀಯದ ಆರು ವಸ್ತುಗಳಲ್ಲಿ ಇದೂ ಒಂದು. ಅಜೀರ್ಣಕ್ಕೂ ಅತಿಸಾರಕ್ಕೂ ಕೊಡುವ ಮುಸ್ತಕಾರಿಷ್ಟವು ಇಂದಿಗೂ ಆಯುರ್ವೇದದ ಅಂಗಡಿಗಳಲ್ಲಿ ಸೀಸೆಗಳಲ್ಲಿ ದೊರೆಯುತ್ತದೆ. ಮೇಘವನ್ನು ಸೂಚಿಸುವ ಪದಗಳೆಲ್ಲ, ಅಂಬುದ, ಜಲದ, ಘನ ಎಂಬಿತ್ಯಾದಿ, ಮುಸ್ತೆಗೂ ಸಲ್ಲುತ್ತವೆಂದು ನಿಘಂಟುಕಾರನಾದ ಅಮರಸಿಂಹನು ವಿಧಿಸಿರುವುದರಿಂದ, ಹಳೆಯ ವೈದ್ಯಶ್ಲೋಕಗಳನ್ನು ಓದುವವರು ಕಷಾಯದಲ್ಲಿ ಮೋಡವನ್ನು ಹಾಕಬೇಕೆಂದಿದೆಯಲ್ಲಾ ಎಂದು ಬೆರಗಾಗದಿರಲಿ. ನಮ್ಮ ಹಳ್ಳಿಗಳ ಅಜ್ಜಿಯರೂ ತುಂಗೆಗೆಡ್ಡೆಯನ್ನು ಶುಂಠಿಯೊಡನೆ ತೇಯ್ದು ಜೇನುತುಪ್ಪದಲ್ಲಿ ಮಕ್ಕಳ ಹೊಟ್ಟೆನೋವಿಗೆ ನೆಕ್ಕಿಸುತ್ತಿದ್ದರು. ಬಾಣಂತಿಗೆ ಹಾಲು ಕಡಿಮೆಯಾದರೆ ಹಸಿಗೆಡ್ಡೆಯನ್ನು ಅರೆದು ಲೇಪಿಸುವ ವಾಡಿಕೆಯೂ ಇದ್ದಿತು. ಚೀನದ ವೈದ್ಯರು ಶ್ಯಾಂಗ್‌ಫೂ ಎಂಬ ಹೆಸರಿನಿಂದ ಇದನ್ನು ಮುಖ್ಯವಾಗಿ ಸ್ತ್ರೀಯರ ಮುಟ್ಟಿನ ತೊಂದರೆಗಳಿಗೆ ಬಳಸುವರು. ಈ ಗುಣಗಳಲ್ಲಿ ಕೆಲವನ್ನು ಆಧುನಿಕ ಪ್ರಯೋಗಾಲಯಗಳು ಪ್ರಾಣಿಗಳ ಮೇಲೆ ಪರೀಕ್ಷಿಸಿ ಎತ್ತಿಹಿಡಿದಿರುವುದು ನಿಜ. ಆದರೂ ರೋಗಕ್ಕೆ ಮದ್ದಾಗಿ ಸೇವಿಸುವವರು, ಅದರಲ್ಲೂ ಗರ್ಭಿಣಿಯರು, ಬಲ್ಲ ವೈದ್ಯರನ್ನು ಕೇಳಿಯೇ ಸೇವಿಸತಕ್ಕದ್ದು.

ಇಲ್ಲಿ ಘಣಸೋಲಿಯ ನಿವಾಸಿಗಳಿಗೆ ಸಂಬಂಧಿಸಿದ ಒಂದು ಮಾತುಂಟು. ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ ಭಾವಮಿಶ್ರನು, ಅನೂಪದೇಶದಲ್ಲಿ, ಎಂದರೆ ನೀರು ಸಮೃದ್ಧವಾದ ಜವುಗುನೆಲದಲ್ಲಿ, ಬೆಳೆದ ಮುಸ್ತೆಯೇ ಪ್ರಶಸ್ತವೆಂದು ಹೇಳಿದ್ದಾನೆ. ಖಾಡಿಯ ದಂಡೆಯ ಈ ಪ್ರದೇಶಕ್ಕಿಂತ ಅನೂಪವಾದ ದೇಶ ಬೇರೊಂದಿರಲಾರದು. ಆದರೆ ಭಾವಮಿಶ್ರನಿಗೆ ಥಾಣೆ ಬೇಲಾಪುರ ರಸ್ತೆಯ ಉದ್ದಕ್ಕೂ ಹಬ್ಬಿರುವ ಕೈಗಾರಿಕಾ ವಲಯದ ಪರಿಚಯವಿರಲಿಲ್ಲ. ತುಂಗೆಯು ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಮ್ ಮೊದಲಾದ ಭಾರಲೋಹಗಳನ್ನು ಹೀರಿ ತನ್ನಲ್ಲಿ ಸಂಗ್ರಹಿಸಿಕೊಳ್ಳುವ ಸ್ವಭಾವದ್ದು. ಈ ಸ್ವಭಾವದಿಂದಲೇ ಕೆಟ್ಟ ನೆಲವನ್ನು ಶುದ್ಧಿಗೊಳಿಸಲು ಇದನ್ನು ಉಪಯೋಗಿಸಬಹುದೆಂದು ವಿಜ್ಞಾನಿಗಳು ಯೋಚಿಸುತ್ತಿರುವರು. ಈ ಸ್ವಭಾವದಿಂದಲೇ ನಾಲೆಯ ಬದಿಯಲ್ಲಿ, ರಸ್ತೆಯ ಅಂಚಿನಲ್ಲಿ, ರೈಲುಹಳಿಯ ಪಕ್ಕದಲ್ಲಿ ಕಿತ್ತ ಗೆಡ್ಡೆಯನ್ನು ಕಷಾಯಕ್ಕೆ ಹಾಕುವುದು ಸಲ್ಲದು.

ಮನುಷ್ಯನಿಗಿಂತ ಮೊದಲೇ ತುಂಗೆಯ ರುಚಿಯನ್ನು ಕಂಡುಕೊಂಡವು ಕಾಡುಹಂದಿಗಳು. ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತನು ಬೇಟೆಯನ್ನು ನಿಲ್ಲಿಸಲು ಆಜ್ಞಾಪಿಸುವಾಗ, ಹಂದಿಗಳು ಹೊಂಡಗಳಲ್ಲಿ ನಿಶ್ಚಿಂತೆಯಿಂದ ಮುಸ್ತೆಯನ್ನು ಕೆದಕಿಕೊಳ್ಳಲಿ ಎಂದು ಹಾರೈಸುತ್ತಾನೆ. ಅರಮನೆಯ ಕವಿಯಾದ ಕಾಳಿದಾಸನು ಕೊಚ್ಚೆಯ ಹೊಂಡವನ್ನೂ ಎಷ್ಟು ಚೆನ್ನಾಗಿ ನೋಡಿದ್ದನೆಂಬುದಕ್ಕೆ ಇದೊಂದೇ ನಿದರ್ಶನ ಸಾಕು. ಕ್ಷಾಮಕಾಲದಲ್ಲಿ ಬಡವರೂ ಈ ಗೆಡ್ಡೆಗಳನ್ನು ಅಗೆದು ತಿಂದಿದ್ದಾರೆ. ಕಹಿಯಾದರೂ ಅದರಲ್ಲಿ ಪಿಷ್ಟವುಂಟು. ಈ ಆಹಾರದ ಪ್ರಾಚೀನತೆಗೆ ಅನಿರೀಕ್ಷಿತವಾದ ಸಾಕ್ಷ್ಯವೊಂದು 2014ರಲ್ಲಿ ಸುಡಾನಿನಿಂದ ಬಂದಿತು. ನೈಲ್ ನದಿಯ ಬಳಿಯ ಅಲ್ ಖಿದಾಯ್ ಎಂಬಲ್ಲಿನ ಪ್ರಾಚೀನ ಸಮಾಧಿಗಳಲ್ಲಿದ್ದ ಅಸ್ಥಿಪಂಜರಗಳ ಹಲ್ಲಿನ ಮೇಲೆ ಗಟ್ಟಿಗೊಂಡ ಪಾಚಿಯನ್ನು ಪರೀಕ್ಷಿಸಿದ ವಿದ್ವಾಂಸರು, ವ್ಯವಸಾಯವನ್ನು ಕಲಿಯುವುದಕ್ಕೆ ಮುನ್ನವೂ, ಕಲಿತ ಮೇಲೂ, ಸಾವಿರಾರು ವರ್ಷಗಳವರೆಗೆ ಅಲ್ಲಿಯ ಜನರು ತುಂಗೆಗೆಡ್ಡೆಯನ್ನು ತಿನ್ನುತ್ತಿದ್ದರೆಂದು ತೋರಿಸಿದರು. ವ್ಯವಸಾಯ ಬಂದ ಮೇಲೆ ಧಾನ್ಯದ ಊಟದಿಂದ ಹಲ್ಲು ಹುಳುಕುವುದು ಲೋಕದ ವಾಡಿಕೆ. ಅಲ್ಲಿಯ ಜನರಲ್ಲಿ ಮಾತ್ರ ಹುಳುಕುಹಲ್ಲು ಅತ್ಯಲ್ಪ. ಹಲ್ಲನ್ನು ಕೆಡಿಸುವ ಸೂಕ್ಷ್ಮಜೀವಿಯನ್ನು ತಡೆಯುವ ಗುಣ ತುಂಗೆಯಲ್ಲಿರುವುದೇ ಇದಕ್ಕೆ ಕಾರಣವಿರಬಹುದೆಂಬುದು ಅವರ ಊಹೆ.

ಇದೇ ಕುಲದಲ್ಲಿ ಮನುಷ್ಯನು ಆದರದಿಂದ ನಟ್ಟು ಬೆಳೆಸಿದ ಗಿಡಗಳೂ ಉಂಟು. ನೈಲ್ ನದಿಯ ಪಪೈರಸ್, ಯಾವುದರ ಕಾಂಡದ ಸೀಳುಗಳನ್ನು ಅಂಟಿಸಿ ಜಗತ್ತಿನ ಮೊದಲ ಹಾಳೆಗಳನ್ನು ಮಾಡಿದರೋ ಆ ಗಿಡ, ತುಂಗೆಗೆ ಹತ್ತಿರದ ಬಂಧು. ಸ್ಪೇನಿನ ವೆಲೆನ್ಸಿಯಾ ಪ್ರಾಂತದಲ್ಲಿ ಇನ್ನೊಂದು ಬಂಧುವಿನ ಸಿಹಿ ಗೆಡ್ಡೆಗಳನ್ನು ಹೊಲಗಳಲ್ಲಿ ಬೆಳೆದು, ಅರೆದು, ಹಾಲಿನಂತಹ ತಂಪುಪಾನೀಯವನ್ನು ಮಾಡುವರು. ನಮ್ಮ ದೇಶದಲ್ಲಿ ಬಂಗಾಳದ ಮೇದಿನೀಪುರದ ಕಡೆ ಚಾಪೆಯ ಜೇಕನ್ನು ಕ್ರಮವಾಗಿ ನಾಟಿ ಮಾಡಿ, ನೀರು ಗೊಬ್ಬರ ಕೊಟ್ಟು, ಒಮ್ಮೆ ನೆಟ್ಟರೆ ಹಲವು ವರ್ಷಗಳವರೆಗೆ ಕೊಯ್ಯುವರು. ಅಲ್ಲಿಯ ಮಾದುರ್ ಚಾಪೆಗಳೂ, ತಾಮ್ರಪರ್ಣಿಯ ತೀರದ ಪತ್ತಮಡೈಯ ರೇಷ್ಮೆಯಂತಹ ನುಣುಪಿನ ಕೋರೆ ಚಾಪೆಗಳೂ ಪ್ರಸಿದ್ಧವಾದುವು. ದಂಟು ಬೇಕಾದಲ್ಲಿ ಮನುಷ್ಯನು ಜೇಕನ್ನು ಸಾಕಿದನು. ಗೆಡ್ಡೆ ಬೇಕಾದ ತುಂಗೆಯನ್ನು ಸಾಕುವ ಪ್ರಸಂಗವೇ ಬರಲಿಲ್ಲ; ಮಾರುಕಟ್ಟೆಗೆ ಬರುವುದು ಬಹುಪಾಲು ಹೊಲಗಳಿಂದ, ಕೆರೆಯಂಗಳಗಳಿಂದ ಅಗೆದು ತಂದ ಮಾಲೇ. ಔಷಧಿಗೆ ಬೇಡಿಕೆಯಿದೆಯೆಂಬ ಮಾತನ್ನು ಕೇಳಿ ಒಳ್ಳೆಯ ಜಮೀನಿನಲ್ಲಿ ಇದನ್ನು 'ಬೆಳೆ'ಯಾಗಿ ಹಾಕುವ ಉತ್ಸಾಹ ಅಲ್ಲಲ್ಲಿ ಕಾಣಿಸಿಕೊಳ್ಳುವುದುಂಟು. ಆ ಜಮೀನಿನಲ್ಲಿ ಮುಂದೆ ಬೇರೇನನ್ನಾದರೂ ಬೆಳೆಯುವ ಆಸೆಯಿರುವವರು ಆ ಗೋಜಿಗೆ ಹೋಗದಿರುವುದೇ ಲೇಸು.

ಆದರೆ ಶುದ್ಧವಾದ ಗೆಡ್ಡೆ ಮನೆಬಳಕೆಗೆ ಬೇಕೆನ್ನುವವರು, ಫ್ಲ್ಯಾಟಿನ ಬಾಲ್ಕನಿಯಲ್ಲಿ ದಿನಕ್ಕೆ ಐದಾರು ತಾಸು ಬಿಸಿಲು ಬೀಳುವ ಸ್ಥಳವಿದ್ದರೆ, ಒಂದು ಅಗಲವಾದ ತೊಟ್ಟಿಯಲ್ಲಿ ಇದನ್ನು ಸುಲಭವಾಗಿ ಬೆಳೆದುಕೊಳ್ಳಬಹುದು. ಗಟ್ಟಿಯಾದ, ಪರಿಮಳವುಳ್ಳ ಹಸಿಗೆಡ್ಡೆಗಳನ್ನು ಆರಿಸಿ, ಮಣ್ಣು, ಮರಳು, ಹಳೆಯ ಗೊಬ್ಬರಗಳನ್ನು ಬೆರೆಸಿ ತುಂಬಿದ ತೊಟ್ಟಿಯಲ್ಲಿ, ಎರಡು ಬೆರಳಿನ ಆಳಕ್ಕೆ, ಗೇಣಿಗೊಂದರಂತೆ ಜೂನ್ ತಿಂಗಳಲ್ಲಿ ಊರತಕ್ಕದ್ದು. ಮಳೆಗಾಲ ಮುಗಿಯುವವರೆಗೆ ಬೇರಾವ ಉಪಚಾರವೂ ಬೇಡ. ಅಂಗಳದಲ್ಲಿ ಇಡುವುದಾದರೆ ತೊಟ್ಟಿಯು ನೆಲದ ಮಣ್ಣಿಗೆ ತಾಗದಂತೆ ಇಟ್ಟಿಗೆಯ ಮೇಲಿರುವುದು ಅತ್ಯಗತ್ಯ, ಏಕೆಂದರೆ ನೀರು ಹೋಗಲೆಂದು ಬಿಟ್ಟ ರಂಧ್ರದಿಂದ ಇದರ ಕಾಂಡ ಹೊರಟು ತಪ್ಪಿಸಿಕೊಳ್ಳುವುದು. ನವೆಂಬರ್ ಡಿಸೆಂಬರಿನಲ್ಲಿ ಎಲೆಗಳು ಹಳದಿಯಾಗತೊಡಗಿದಾಗ ತೊಟ್ಟಿಯನ್ನು ಬಗ್ಗಿಸಿ, ಗೆಡ್ಡೆಗಳನ್ನು ಆಯ್ದು, ತೊಳೆದು, ಮೇಲಣ ನಾರುಬೇರುಗಳನ್ನು ಗೋಣಿತಾಟಿನ ಮೇಲೆ ಉಜ್ಜಿ ತೆಗೆದು, ಚೆನ್ನಾಗಿ ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಬಿರುಬಿಸಿಲಿಗೆ ಹಾಕಿದರೆ ತೈಲ ಹಾರಿಹೋಗಿ ಪರಿಮಳ ಕುಂದುವುದು. ಒಣಗಿದ ಗೆಡ್ಡೆಯನ್ನು ಮುರಿದಾಗ ಒಳಗೆ ಬಿಳಿಯಿಂದ ತಿಳಿಗೆಂಪಿನವರೆಗಿನ ಬಣ್ಣವೂ, ಮೂಗಿಗೆ ತಟ್ಟುವ ವಾಸನೆಯೂ ಇರಬೇಕು. ಅಂಗಡಿಯಲ್ಲಿ ಕೊಳ್ಳುವವರಿಗೂ ಇದೇ ಪರೀಕ್ಷೆ; ನಾಗರಮೋಥಾ ಎಂಬ ಒಂದೇ ಹೆಸರಿನಲ್ಲಿ ಇದರ ಸೋದರನಾದ ಸೈಪೆರಸ್ ಸ್ಕಾರಿಯೋಸಸ್ ಎಂಬುದರ ಗೆಡ್ಡೆಯೂ ಮಾರಾಟವಾಗುತ್ತದೆ, ಅತ್ತರಿನವರು ಅದನ್ನೇ ಹೆಚ್ಚು ಮೆಚ್ಚುವರು; ಆದರೆ ಹುಳ ಹಿಡಿದು ಟೊಳ್ಳಾದುದನ್ನು ಯಾರೂ ಮೆಚ್ಚರು. ಗಾಜಿನ ಭರಣಿಯಲ್ಲಿ ಮುಚ್ಚಿಟ್ಟರೆ ಮುಂದಿನ ದೀಪಾವಳಿಯ ಉಟಣೆಗೆ ಬೇಕಾಗುವಷ್ಟು ದೊರೆತೇ ದೊರೆಯುವುದು. ತೊಟ್ಟಿಯಲ್ಲಿ ಉಳಿದ ಮಣ್ಣನ್ನು ಮಾತ್ರ ಸೊಸೈಟಿಯ ಉದ್ಯಾನಕ್ಕೆ ಸುರಿಯದೆ, ಅದೇ ತೊಟ್ಟಿಗೆ ಮರಳಿ ತುಂಬಿ ಮುಂದಿನ ಜೂನಿಗೆ ಕಾದಿರಿಸುವುದು. ಎಷ್ಟೇ ಜರಡಿ ಹಿಡಿದರೂ ಅದರಲ್ಲಿ ನಾಲ್ಕಾರು ಗೆಡ್ಡೆಗಳು ಉಳಿದೇ ಇರುತ್ತವೆ, ಆದಕಾರಣ ಎರಡನೆಯ ವರ್ಷಕ್ಕೆ ಹೊಸದಾಗಿ ನೆಡುವ ಶ್ರಮವೂ ಇಲ್ಲ.